ಮಾವನ ತಲೆಯೊಳಗಿನ ಹನ್ನೊಂದು ಜನ

ಹೋದ ತಿಂಗಳು ಧರ್ಮಪುರಿಯಿಂದ ಓಮಲೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಮುದುಕ ಬಂದು ಕೂತ. ಮಡಿಲಲ್ಲಿ ಒಂದು ಕರಿ ಕಂಬಳಿ. ಎಲ್ಲೋ ಮಳೆಗೆ ಸಿಕ್ಕಿದ್ದನೇನೋ, ಕಂಬಳಿ ಅರ್ಧ ಒದ್ದೆಯಾಗಿತ್ತು. ಬಸ್ಸು ತೊಪ್ಪೂರಿನ ಇಳಿಜಾರು ಇಳಿಯುವಾಗ ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು. ಉಣ್ಣೆ ಬೆಚ್ಚಗಾಗಿ ವಾಸನೆ ಎದ್ದಿತು. ಒದ್ದೆ ಉಣ್ಣೆ, ಕುರಿಯ ಮೈಜಿಡ್ಡು, ಬೀಡಿ, ಸ್ವಲ್ಪ ಬೇವಿನೆಣ್ಣೆ. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮುಖವನ್ನು ಆ ಕಡೆಗೇ ತಿರುಗಿಸಿ ಕೂತೆ. ಎಷ್ಟೋ ದಿನದ ಮೇಲೆ ಎದುರುಮನೆ ಮಾವ ಪಕ್ಕದಲ್ಲಿ ಬಂದು ಕೂತ ಹಾಗಾಯಿತು...

ನಾನು ಹುಟ್ಟಿದ್ದು ಗಡಿಯಾಚೆ, ಕೊಳ್ಳೇಗಾಲದ ಕಡೆ. ಹತ್ತನೇ ತರಗತಿಯವರೆಗೂ ಕನ್ನಡ ಶಾಲೆಯಲ್ಲಿ ಓದಿದೆ. ಮದುವೆಯಾಗಿ ಬಂದದ್ದು ಕಂಬೈನಲ್ಲೂರಿಗೆ ಹತ್ತಿರದ ಒಂದು ಹಳ್ಳಿಗೆ. ಅಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗಂಡ ಶಂಕಗಿರಿಯ ಲಾರಿ ಓಡಿಸುತ್ತಿದ್ದರು. ತಿಂಗಳಿಗೊಂದು ಸಲ ಬಂದು, ಎರಡು ದಿನ ಮಲಗಿ, ಮತ್ತೆ ಹೊರಟುಬಿಡುತ್ತಿದ್ದರು. ನಾನು ತಮಿಳು ಓದಲು ಕಲಿತು, ಕಂಬೈನಲ್ಲೂರು ಬಸ್ ಸ್ಟ್ಯಾಂಡಿನ ಪಕ್ಕ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಯಾರದೋ ರೇಷನ್ ಕಾರ್ಡು, ಯಾರದೋ ಜಾತಿ ಸರ್ಟಿಫಿಕೇಟು, ಯಾರದೋ ಮಗಳ ಮಾರ್ಕ್ಸ್ ಕಾರ್ಡು. ನನ್ನದೆಂಬ ಕಾಗದ ಆ ಮಷೀನಿನಲ್ಲಿ ಒಂದು ದಿನವೂ ಹೊರಬಂದದ್ದಿಲ್ಲ.

ಎದುರುಮನೆಯವರು ವರಸೆಯಲ್ಲಿ ಮಾವ. ನಲವತ್ತು ಕುರಿ, ಸ್ವಲ್ಪ ಹೊಲ. ದೊಡ್ಡ ಮೀಸೆ, ಹೆಗಲ ಮೇಲೆ ಸದಾ ಕಂಬಳಿ. ಓದು ಬರಹ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಅರ್ಧ ಗಳಿಗೆ ನೋಡಿದರೆ ಸಾಕು, ಅವನೇ ಆಗಿಬಿಡುತ್ತಿದ್ದರು. ದನಿ ಅನುಕರಿಸುವವರು ಬೇಕಾದಷ್ಟು ಜನ ಇದ್ದಾರೆ. ಮಾವನದು ಬೇರೆ. ಮೊದಲು ಕುತ್ತಿಗೆ ಬದಲಾಗುತ್ತಿತ್ತು, ಆಮೇಲೆ ಕೈಬೆರಳು, ಕೊನೆಗೆ ಕಣ್ಣು. ಕಣ್ಣು ಬದಲಾದ ಮೇಲೆ ನಮ್ಮ ಮುಂದೆ ಮಾವ ಇರುತ್ತಿರಲಿಲ್ಲ.

ನಾನು ಹೊಸದಾಗಿ ಬಂದಾಗ, ನಮ್ಮತ್ತೆ, ಗಂಡನ ತಾಯಿ, ಕೋಳಿಗಳನ್ನು ಬೈಯುವುದನ್ನು ಅವರು ಅತ್ತೆಯ ಎದುರಿಗೇ ನಿಂತು ಮಾಡಿ ತೋರಿಸಿದರು. ಸೊಂಟಕ್ಕೆ ಕೈ, ಒಂದು ಕಾಲು ಮುಂದೆ, ಕೋಳಿಯ ತಾಯಿ ಅಜ್ಜಿಯವರೆಗೂ ಬೈಗುಳ. ಅತ್ತೆ ಕೈಯಲ್ಲಿದ್ದ ಮೊರ ಎತ್ತಿ ಅವರ ಬೆನ್ನಿಗೆ ಬಾರಿಸಿದರು. ಮದುವೆಯಾದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು. ಯಾರೂ ಇಲ್ಲದಾಗ ಒಂದು ಸಲ ನಾನೇ ಕೇಳಿದ್ದೆ, ಬಸ್ ಕಂಡಕ್ಟರನ್ನು ಮಾಡಿ ತೋರಿಸು ಎಂದು. ಮಾವ ಒಪ್ಪಲಿಲ್ಲ.

"ಬೆನ್ನಿಂದೆ ಮಾಡುದ್ರೆ ಚಾಡಿ ಕಣವ್ವ. ಮುಂದೆ ನಿಂತು ಮಾಡುದ್ರೆ ಆಟ. ಅವನ್ಗೆ ಒಡೆಯಾಕೆ ನಾನು ಕೈಗೆ ಸಿಗ್ಬೇಕಲ್ಲ."

ಕೊರೊನಾ ಮುಗಿದ ಮರುವರ್ಷ ಚೆನ್ನೈಯಿಂದ ಒಂದು ಸಿನಿಮಾ ತಂಡ ಬಂತು. ಸಣ್ಣ ತಂಡ, ಎರಡು ವ್ಯಾನು. ಡೈರೆಕ್ಟರ್ ಒಬ್ಬ ಹುಡುಗಿ, ಮೂವತ್ತು ದಾಟಿರಲಿಲ್ಲ. ದಿನಾ ಬೆಳಿಗ್ಗೆ ಅವತ್ತಿನ ಡೈಲಾಗ್ ಹಾಳೆಗಳ ಪ್ರತಿ ತೆಗೆಸಲು ನನ್ನ ಅಂಗಡಿಗೆ ಬರುತ್ತಿದ್ದಳು. ಹಾಳೆ ಬಿಸಿಯಾಗಿ ಹೊರಬರುವಾಗ ನಾನು ಓದುತ್ತಿದ್ದೆ. ಓದಿ ಒಬ್ಬಳೇ ನಗುತ್ತಿದ್ದೆ.

ಕತೆ ಹೀಗಿತ್ತು. ಶಂಕಗಿರಿಯಲ್ಲಿ ಲಾರಿ ತೂಗುವ ಒಂದು ವೇ ಬ್ರಿಡ್ಜ್. ಅಲ್ಲಿನ ಗುಮಾಸ್ತ ಒಂದು ಮಧ್ಯಾಹ್ನ ಲಾರಿ ಇಲ್ಲದ ಹೊತ್ತಿನಲ್ಲಿ ತಾನೇ ಅದರ ಮೇಲೆ ನಿಲ್ಲುತ್ತಾನೆ. ತೂಕ ಸೊನ್ನೆ ತೋರಿಸುತ್ತದೆ. ಅದೇ ಗಳಿಗೆಯಲ್ಲಿ ಅವನು ಎಲ್ಲೋ ದೂರದ ಹಳ್ಳಿಯ ಒಬ್ಬ ಕುರಿಗಾಹಿಯ ತಲೆಯೊಳಗೆ ಇರುತ್ತಾನೆ. ಅಲ್ಲಿ ಗಾಳಿ, ಬಯಲು, ನಿಶ್ಶಬ್ದ. ಹದಿನೈದು ನಿಮಿಷಕ್ಕೆ ವಾಪಸ್. ಅವನು ಇದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಟಿಕೆಟ್ ಮಾರುತ್ತಾನೆ. ಬ್ಯಾಂಕ್ ಮ್ಯಾನೇಜರ್, ಲಾರಿ ಡ್ರೈವರ್, ಇಂಗ್ಲಿಷ್ ಮೇಷ್ಟ್ರು, ಮದುವೆಯ ಹಿಂದಿನ ದಿನದ ಹುಡುಗಿ, ಎಲೆಕ್ಷನ್ ಸೋತವನು... ಹೀಗೆ ಹನ್ನೊಂದು ಜನ ಒಬ್ಬೊಬ್ಬರಾಗಿ ಆ ಕುರಿಗಾಹಿಯೊಳಗೆ ಹೋಗಿ ಬರುತ್ತಾರೆ. ಪಾಪದವನು ಕುರಿಗಳ ನಡುವೆ ನಿಂತು ಇದ್ದಕ್ಕಿದ್ದಂತೆ ಸಾಲದ ಅರ್ಜಿ ತಿರಸ್ಕರಿಸುತ್ತಾನೆ, ಇಂಗ್ಲಿಷ್ ವ್ಯಾಕರಣ ಹೇಳುತ್ತಾನೆ, ಓಟು ಕೇಳುತ್ತಾನೆ. ಅವನ ಹೆಂಡತಿ ಪ್ರತಿ ಸಲವೂ ಬಾಗಿಲು ತಟ್ಟಿದ ಹಾಗೆ ಅವನ ಹಣೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಉಳ್ಳೆ ಯಾರು?" ಎಂದು ಕೇಳುತ್ತಾಳೆ. ಒಳಗೆ ಯಾರು ಎಂದು.

ಕುರಿಗಾಹಿಯ ಪಾತ್ರಕ್ಕೆ ಚೆನ್ನೈಯಿಂದ ಒಬ್ಬ ನಟ ಬಂದಿದ್ದ. ಕುರಿ ಕಂಡರೆ ಅವನಿಗೆ ಸೀನು. ಅವನನ್ನು ಕಂಡರೆ ಕುರಿಗಳು ದಿಕ್ಕಾಪಾಲು. ಮೂರನೇ ದಿನ ನನ್ನ ಅಂಗಡಿಯ ಮುಂದೆ ಮಾವ ಆ ನಟನ ಎದುರಿಗೇ ನಿಂತು, ಅವನು ಕಂಬಳಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಳ್ಳುವುದನ್ನು, ಕುರಿಗೆ "ಎಕ್ಸ್‌ಕ್ಯೂಸ್ ಮಿ" ಅನ್ನುವುದನ್ನು ಮಾಡಿ ತೋರಿಸಿದರು. ನಟನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಡೈರೆಕ್ಟರ್ ಹುಡುಗಿ ನಗಲಿಲ್ಲ. ಮಾವನನ್ನೇ ನೋಡುತ್ತಾ ನಿಂತಳು. ಸಂಜೆ ನನ್ನ ಹತ್ತಿರ ಬಂದು, ಐಯಾ ಆ ಪಾತ್ರಕ್ಕೆ ಒಪ್ಪುವ ಹಾಗೆ ಮಾತಾಡಿ ಅಂದಳು.

ಮಾವ ಒಪ್ಪಲಿಲ್ಲ. "ನಂಗೆ ನನ್ ತಲೆ ಒಂದೇ ಸಾಕು ಬುಡವ್ವ. ಬ್ಯಾರೆಯೋರ್ನ ಕರ್ಕಂಡು ಎಲ್ ಕೂರ್ಸಾನ?" ಅವರ ಹೆಂಡತಿ, ಅವರನ್ನೂ ನಾನು ಅತ್ತೆ ಎಂದೇ ಕರೆಯುತ್ತಿದ್ದೆ, ಒಳಗಿನಿಂದಲೇ ಕೂಗಿದರು: "ಓಗು ಓಗು. ಮೂವತ್ ವರ್ಷದಿಂದ ನಾನೊಬ್ಳೇ ನೋಡಿವ್ನಿ. ಊರೂ ಒಸಿ ನೋಡ್ಲಿ." ಆದರೂ ಮಾವ ಬೇಡವೆಂದು ತಲೆ ಆಡಿಸಿಬಿಟ್ಟರು. ಆಗ ನಾನು ಹೇಳಿದೆ, "ಮಾವ, ಜೊತೇಲಿ ನಾನಿರ್ತೀನಲ್ಲ."

ಆ ಮಾತಿಗೆ ಮಾವ ಒಪ್ಪಿದರು. ಹೇಳಿದವಳು ನಾನು. ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಾವನ ಕಲೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಅಂದುಕೊಂಡಿದ್ದು ನಿಜ. ಆದರೆ ಅದಕ್ಕಿಂತ ಮೊದಲ ನಿಜ ಬೇರೆ ಇದೆ. ಮಾವ ಒಪ್ಪಿದರೆ ಡೈಲಾಗ್ ಓದಿ ಹೇಳಿಕೊಡಲು ನನ್ನನ್ನೂ ಕರೆಯುತ್ತಾರೆ, ಆ ಮಷೀನಿನ ಮುಂದಿನಿಂದ ಸ್ವಲ್ಪ ದಿನ ಎದ್ದು ಹೋಗಬಹುದು... ಆ ಆಸೆ.

ಒಂದು ತಿಂಗಳು ಶೂಟಿಂಗ್ ನಡೆಯಿತು. ಅಷ್ಟು ಸಂತೋಷದ ತಿಂಗಳು ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಹೊಂಗೆ ಮರದ ಕೆಳಗೆ ಕೂತು ನಾನು ಹಾಳೆ ಓದುತ್ತಿದ್ದೆ. ಮಾವನಿಗೆ ಮಾತು ಎರಡು ಸಲ ಕೇಳಿದರೆ ಬಾಯಿಗೆ ಬರುತ್ತಿತ್ತು. ಅವರು ಕೇಳುತ್ತಿದ್ದುದು ಬೇರೆಯೇ.

"ಈ ಮ್ಯಾನೇಜರಯ್ಯ ಕೆಲ್ಸ ಇಲ್ದಾಗ ಕೈನ ಎಲ್ ಮಡೀಕತಾನೆ?"

"ಹಾಳೇಲಿ ಬರ್ದಿಲ್ಲ ಮಾವ."

"ಬರ್ದಿಲ್ಲ ಅಂದ್ರೆ ಅವನ್ಗೆ ಕೈ ಇಲ್ವಾ? ನೀನು ಬ್ಯಾಂಕಿಗ್ ಓಗಿದ್ದೀಯಲ್ಲ, ನೆಪ್ಪು ಮಾಡ್ಕೊಂಡು ಏಳು."

ಮದುವೆಯ ಹುಡುಗಿಯ ದಿನ, ಅಳುವಾಗ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳಾ, ಕಣ್ಣು ಮುಚ್ಚಿಕೊಳ್ಳುತ್ತಾಳಾ ಎಂದು ಕೇಳಿದರು. ನಾನು ಹಾಳೆ ಮಡಚಿಟ್ಟು ಹೇಳಿದೆ. ಕೊಳ್ಳೇಗಾಲದಿಂದ ಇಲ್ಲಿಗೆ ವ್ಯಾನಿನಲ್ಲಿ ಬರುವಾಗ ನಾನು ಎರಡೂ ಕಿವಿ ಮುಚ್ಚಿಕೊಂಡು ಅತ್ತಿದ್ದೆ, ನನ್ನ ಅಳು ನನಗೇ ಕೇಳಿಸಬಾರದೆಂದು. ಆ ಮಧ್ಯಾಹ್ನ ಮಾವ ಬಂಡೆಯ ಮೇಲೆ ಕೂತು, ಅಷ್ಟು ದೊಡ್ಡ ಮೀಸೆಯ ಗಂಡಸು, ಎರಡೂ ಕಿವಿ ಮುಚ್ಚಿಕೊಂಡು ಅತ್ತರು. ಕ್ಯಾಮೆರಾ ಹಿಡಿದವನೂ ಉಸಿರು ಬಿಡಲಿಲ್ಲ. ಸಿನಿಮಾ ನೋಡಿದವರೆಲ್ಲ ಅಲ್ಲಿ ನಗುತ್ತಾ ನಗುತ್ತಾ ಸುಮ್ಮನಾಗುತ್ತಾರಂತೆ. ಆ ಹನ್ನೊಂದರಲ್ಲಿ ಒಬ್ಬಳು ನಾನು ಎಂದು ಯಾರಿಗೂ ಗೊತ್ತಿಲ್ಲ.

ಕೊನೆಯ ದೃಶ್ಯ ಶಂಕಗಿರಿಯಲ್ಲಿ. ಹನ್ನೊಂದು ಜನವೂ ಒಟ್ಟಿಗೇ ನುಗ್ಗಿ ಕುರಿಗಾಹಿಯ ತಲೆ ಕಿಕ್ಕಿರಿದು ತುಂಬಿರುತ್ತದೆ. ಅವನಿಗೇ ಜಾಗವಿಲ್ಲದೆ ಹೊರಗೆ ಬಿದ್ದಿರುತ್ತಾನೆ. ಹುಡುಕಿಕೊಂಡು ವೇ ಬ್ರಿಡ್ಜಿಗೆ ಬಂದು, ನನ್ನನ್ನು ಒಳಗೆ ಬಿಡಿ, ಅದು ನನ್ನ ತಲೆ ಎನ್ನುತ್ತಾನೆ. ಗುಮಾಸ್ತ ತಲೆ ಎತ್ತದೆ, ಕ್ಯೂನಲ್ಲಿ ಬನ್ನಿ ಎನ್ನುತ್ತಾನೆ. ಅವನು ಲಾರಿಗಳ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಡೈರೆಕ್ಟರ್ ಹುಡುಗಿಯ ಹತ್ತಿರ ಹೋಗಿ, ಆಮೇಲೆ ಅವನು ಒಳಗೆ ಹೋದನಾ ಎಂದು ಕೇಳಿದರು. ಸಿನಿಮಾ ಅಲ್ಲಿಗೇ ಮುಗಿಯುತ್ತೆ ಐಯಾ ಅಂದಳು ಅವಳು. ವ್ಯಾನಿನಲ್ಲಿ ಬರುವಾಗ ಓಮಲೂರು ದಾಟಿದ ಮೇಲೆ ಮಾವ ನನ್ನ ಕಡೆ ತಿರುಗಿ, "ಪಾಪ, ಬಿಸ್ಲಲ್ಲಿ ನಿಲ್ಸ್‌ಬುಟ್ಟು ಬಂದ್ರಲ್ಲವ್ವ ಅವನ್ನ" ಅಂದರು.

ಸಿನಿಮಾ ಥಿಯೇಟರಿಗೆ ಬರಲಿಲ್ಲ, ಫೋನಿಗೆ ಬಂತು. ಅಂಗಡಿಯಲ್ಲಿ ನಾನು, ಮಾವ, ಅತ್ತೆ ಮೂವರೂ ಒಂದೇ ಫೋನಿಗೆ ತಲೆ ಕೊಟ್ಟು ಕೂತೆವು. ಮುಕ್ಕಾಲು ನೋಡುವ ಹೊತ್ತಿಗೆ ನೆಟ್‌ವರ್ಕ್ ನಿಂತುಹೋಯಿತು. ಮಿಕ್ಕಿದ್ದು ಗೊತ್ತಲ್ಲ ಬಿಡು ಎಂದು ಮಾವ ಎದ್ದರು. ಕುರಿ ಬಿಡುವ ಹೊತ್ತಾಗಿತ್ತು.

ಒಂದು ವಾರದಲ್ಲಿ ಸಿನಿಮಾದ ತುಂಡು ತುಂಡುಗಳು ಎಲ್ಲರ ಫೋನಿನಲ್ಲೂ ಓಡಾಡತೊಡಗಿದವು. ಮೊದಮೊದಲು ಹಬ್ಬ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು. ಟೀ ಅಂಗಡಿಯವನು ಟೀ ಕೊಟ್ಟು ಕಾಸು ಬೇಡವೆಂದ. ಕಾಲೇಜು ಹುಡುಗಿಯರು ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಒಬ್ಬ, ಯಾರೋ ಗುರುತಿಲ್ಲದವನು, ಸಂತೆಯಲ್ಲಿ ಮಾವನ ಹಣೆಯನ್ನು ಎರಡು ಸಲ ತಟ್ಟಿ "ಉಳ್ಳೆ ಯಾರು?" ಎಂದ. ಮಾವ ಬ್ಯಾಂಕ್ ಮ್ಯಾನೇಜರಾಗಿ ಉತ್ತರ ಕೊಟ್ಟರು. ಸಂತೆಯೆಲ್ಲ ನಕ್ಕಿತು. ಮಾವನೂ ನಕ್ಕರು.

ಆಮೇಲೆ ಎಲ್ಲರೂ ತಟ್ಟಲು ಶುರುಮಾಡಿದರು. ಕುರಿ ವ್ಯಾಪಾರಕ್ಕೆ ಬಂದವನು ಮೊದಲು ಹಣೆ ತಟ್ಟುತ್ತಿದ್ದ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲು ಹೋದರೆ ಅಲ್ಲಿಯವರು ತಟ್ಟಿದರು. ಸಂಬಂಧಿಕರ ಸಾವಿಗೆ ಹೋಗಿ ಹೆಣದ ಮುಂದೆ ಕೂತಿದ್ದಾಗ ಹಿಂದಿನಿಂದ ಒಂದು ಕೈ ಬಂದು ತಟ್ಟಿತು. ಉತ್ತರ ಕೊಡದಿದ್ದರೆ ಸೊಕ್ಕು ಬಂದಿದೆ ಅನ್ನುವರು, ಕೊಟ್ಟರೆ ಇನ್ನೊಂದು ಮಾಡು ಅನ್ನುವರು. ಮಾವನ ಹಣೆಯ ಮಧ್ಯದಲ್ಲಿ ರೂಪಾಯಿಯಗಲ ಕಪ್ಪು ಮೂಡಿತು.

ಅದಕ್ಕಿಂತ ಕೆಟ್ಟದ್ದು ಫೋನಿನೊಳಗಿತ್ತು. ಮಾವನ ಮುಖದ ಚಿತ್ರ ಹಿಡಿದು ಅದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದ ಮಾತು ಬರೆಯುತ್ತಿದ್ದರು. ಗ್ಯಾಸ್ ಬೆಲೆಯ ಮೇಲೆ, ಕ್ರಿಕೆಟ್ ಮೇಲೆ, ಗಂಡ ಹೆಂಡತಿ ಜಗಳದ ಮೇಲೆ. ಆ ಪಕ್ಷದವರೂ ಮಾವನ ಬಾಯಲ್ಲಿ ಮಾತಾಡಿದರು, ಈ ಪಕ್ಷದವರೂ ಮಾತಾಡಿದರು. ಮಾವನಿಗೆ ಓದಲು ಬಾರದು. ದಿನಾ ಸಂಜೆ ಕುರಿ ದೊಡ್ಡಿಗೆ ಸೇರಿಸಿ ನಮ್ಮ ಜಗುಲಿಗೆ ಬಂದು ಕೂರುತ್ತಿದ್ದರು.

"ಇವತ್ತು ನಾನು ಏನೇನಂದಿವ್ನಿ, ಓದವ್ವ."

ನಾನು ಓದುತ್ತಿದ್ದೆ. ಕೆಲವನ್ನು ಬಿಟ್ಟು ಓದುತ್ತಿದ್ದೆ. ಕೆಲವನ್ನು ಬದಲಾಯಿಸಿ ಓದುತ್ತಿದ್ದೆ. ಮಾವ ತಮ್ಮ ಮೇಲೇ ಯಾರೋ ಬರೆದ ಹೊಲಸನ್ನು ನನ್ನ ಸುಳ್ಳಿನಲ್ಲಿ ಕೇಳಿ, "ಅಂಗಾದ್ರೆ ಪರವಾಗಿಲ್ಲ" ಎಂದು ಎದ್ದು ಹೋಗುತ್ತಿದ್ದರು. ಡೈರೆಕ್ಟರ್ ಹುಡುಗಿಗೆ ಫೋನ್ ಮಾಡಿದೆ. ಅವಳೂ ನೊಂದಿದ್ದಳು. ಹತ್ತು ತೆಗೆಸಿದರೆ ನೂರು ಬರುತ್ತವೆ ಅಕ್ಕಾ, ನಾನೇನು ಮಾಡಲಿ ಎಂದು ಅತ್ತಳು.

ಒಂದು ಭಾನುವಾರ ಮಧ್ಯಾಹ್ನ ಪಕ್ಕದೂರಿನಿಂದ ಆರೇಳು ಜನ ಬೈಕಿನಲ್ಲಿ ಬಂದರು. ಮಾವ ಒಂದು ಮರಿಗೆ ಔಷಧಿ ಕುಡಿಸುತ್ತಿದ್ದರು. ಅವರಲ್ಲಿ ಹಿರಿಯನೊಬ್ಬ ಫೋನ್ ಮುಂದೆ ಹಿಡಿದ. ಅವರ ಊರಿನ ಹೆಂಗಸರ ಮೇಲೆ ಬಾಯಲ್ಲಿ ಹೇಳಬಾರದ ಮಾತು, ಮೇಲೆ ಮಾವನ ನಗುಮುಖ. ನಾನು ಓಡಿಹೋಗಿ ನಡುವೆ ನಿಂತೆ. ಚಿತ್ರ ಸಿನಿಮಾದ್ದು, ಮಾತು ಯಾವನೋ ಬರೆದದ್ದು, ಇವರಿಗೆ ಅಕ್ಷರವೇ ಬರುವುದಿಲ್ಲ ಎಂದು ಬಡಕೊಂಡೆ. ಆ ಹಿರಿಯ ನನ್ನನ್ನು ನೋಡಲೂ ಇಲ್ಲ. ಮಾವನನ್ನೇ ಕೇಳಿದ.

"ಮೂಂಜಿ ಉನ್ನೋಡದುದಾನೆ?" ಮುಖ ನಿನ್ನದೇ ತಾನೆ?

ಮಾವ ಫೋನನ್ನು ನೋಡಿದರು. "ಆಮಾ" ಅಂದರು. ಹೌದು.

ಮರಿಯನ್ನು ಕೆಳಗೆ ಬಿಟ್ಟು, ಔಷಧಿ ಮೆತ್ತಿದ ಎರಡೂ ಕೈ ಮುಗಿದು, ತಪ್ಪಾಯಿತು ಎಂದು ಕೇಳಿಕೊಂಡರು. ಆಡದ ಮಾತಿಗೆ, ಓದಲೂ ಆಗದ ಮಾತಿಗೆ. ಅವರು ಸಮಾಧಾನವಾಗಿ ಹೊರಟರು. ಬೈಕು ಹತ್ತಿದ ಮೇಲೆ ಅವರಲ್ಲಿ ಒಬ್ಬ ಇಳಿದು ವಾಪಸ್ ಬಂದ. ಮಾವನ ಹೆಗಲ ಮೇಲೆ ಕೈಹಾಕಿ, ಹಣೆ ತಟ್ಟಿ, ಫೋಟೋ ತೆಗೆದುಕೊಂಡು ಹೋದ.

ಅದಾದ ಮೇಲೆ ಮಾವ ಮೀಸೆ ಬೋಳಿಸಿದರು. ರುಮಾಲು ಬಿಟ್ಟು ಟೋಪಿ ಹಾಕಿದರು. ಜನ ಗುರುತು ಹಿಡಿದು, ಮೀಸೆ ಯಾರು ತಗೊಂಡು ಹೋದರು ಎಂದು ಕೇಳಿದರು. ಕುರಿಗಳನ್ನು ಫೋನಿಗೆ ಸಿಗ್ನಲ್ ಸಿಗದ ಗುಡ್ಡದ ಹಿಂದಕ್ಕೆ ಹೊಡೆದುಕೊಂಡು ಹೋಗಿ ಅಲ್ಲೇ ಇದ್ದುಬಿಡುತ್ತಿದ್ದರು. ನಮ್ಮ ಜಗುಲಿಗೆ ಬರುವುದು ನಿಂತಿತು. ಯಾರನ್ನೂ ಮಾಡಿ ತೋರಿಸುವುದು ಯಾವತ್ತೋ ನಿಂತಿತ್ತು. ಮನೆಯಲ್ಲೂ ಮಾತಿಲ್ಲ ಎಂದು ಅತ್ತೆ ಅಳುತ್ತಿದ್ದರು. ಒಂದು ದಿನ ನಾನೇ ಗುಡ್ಡದ ಹಿಂದಕ್ಕೆ ಹೋಗಿ, ಯಾಕೆ ಮಾವ ಹೀಗಿದ್ದೀಯ ಎಂದು ಕೇಳಿದೆ.

"ಬಾಯಿ ಬುಡಾಕೆ ಭಯ ಆಯ್ತದೆ ಕಣವ್ವ. ನಿಮ್ಮತ್ತೇನ ಊಟಕ್ಕೆ ಕರೆದ್ರೂ ಅದು ನಾನು ಕರೆದ್ನಾ, ಆ ಡ್ರೈವರ್ ಕರೆದ್ನಾ ಅಂತ ಒಂದ್ಗಳಿಗೆ ಯೋಚ್ನೆ ಆಯ್ತದೆ. ಸುಮ್ಕಿದ್ರೆ ಒಸಿ ವಾಸಿ."

ಬಿಸಿಲು ಇಳಿಯುತ್ತಿತ್ತು. ನಾನು ವಾಪಸ್ ಬಂದೆ...

ಇನ್ನು ಆ ದಿನದ ವಿಷಯ. ಸ್ಕಾಲರ್‌ಶಿಪ್ ಅರ್ಜಿಗಳ ಕಾಲ, ಅಂಗಡಿಯ ಮುಂದೆ ಜನವೋ ಜನ. ಹನ್ನೊಂದು ಗಂಟೆ ಇರಬೇಕು. ಫೋನ್ ಬಂತು, ಮಾವನ ನಂಬರು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಹಾಳೆಗಳಿಗೆ ಪಿನ್ ಹೊಡೆಯುತ್ತಾ ಹಲೋ ಎಂದೆ. ಆ ಕಡೆಯಿಂದ ಬಂದದ್ದು ಮಾವನ ದನಿಯಲ್ಲ. ಕುಡಿದವನ ಹಾಗೆ, ಬಾಯಲ್ಲಿ ಬಟ್ಟೆ ತುರುಕಿಕೊಂಡವನ ಹಾಗೆ, ತೊದಲು. "ಅವ್... ವಾ... ನಾ... ನಾ..."

ನನಗೆ ಎಷ್ಟು ಸಂತೋಷವಾಯಿತು ಎಂದರೆ... ಹೇಳಲು ನಾಚಿಕೆಯಾಗುತ್ತದೆ. ಎಷ್ಟು ತಿಂಗಳ ಮೇಲೆ ಮಾವ ಮತ್ತೆ ಆಟಕ್ಕೆ ಬಂದರು ಅಂದುಕೊಂಡೆ. ನಕ್ಕುಬಿಟ್ಟೆ. "ಯಾರು ಮಾವ ಇವತ್ತು ಒಳಗೆ? ಹನ್ನೆರಡನೆಯೋರಾ?" ಎಂದು ಕೇಳಿ ಸ್ಪೀಕರ್ ಹಾಕಿದೆ. ಅಂಗಡಿಯ ಮುಂದಿದ್ದವರೆಲ್ಲ ಗುರುತು ಹಿಡಿದು ನಕ್ಕರು. ಆ ಕಡೆಯಿಂದ "ನಾ... ನಾನೇ..." ಎಂದು ಬಂತು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. "ಜನ ಅವ್ರೆ ಮಾವ, ಆಮೇಲೆ ಮಾಡು" ಎಂದು ನಾನೇ ಫೋನ್ ಇಟ್ಟೆ.

ಮಾವ ಆಗ ಊರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲಿದ್ದರು. ಬಲಗೈ ಎತ್ತಲಾಗದೆ, ಬಾಯಿ ಒಂದು ಕಡೆಗೆ ಎಳೆದುಕೊಂಡು. ಟೀ ಅಂಗಡಿಯ ಮುಂದಿದ್ದವರೂ ನನ್ನ ಹಾಗೇ ಖುಷಿಪಟ್ಟರು. ಹಣೆ ತಟ್ಟಿದರು, ವೀಡಿಯೊ ಹಿಡಿದರು. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಮುದುಕಿ, ಸಿನಿಮಾ ನೋಡದವಳು, ಮಾವನ ಮುಖ ನೋಡಿ ಕಿರುಚಿದಳು. ಆಗಲೇ ಎಲ್ಲರಿಗೂ ತಿಳಿದದ್ದು. ಧರ್ಮಪುರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಲಕ್ವ. ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಫೋನಿನಲ್ಲಿ ಹೊತ್ತು ಬರೆದಿತ್ತು. ಹೇಳಿದೆ. ಆಗಲೇ ಬರಬೇಕಿತ್ತಲ್ಲಮ್ಮ ಅಂದರು ಅವರು.

ಆ ವೀಡಿಯೊ ನಾನು ಆಮೇಲೆ ನೋಡಿದೆ. ಮಾವ ಎಡಗೈಯಲ್ಲಿ ಗುಂಡಿ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಾರೆ. ಕಣ್ಣು ಸುತ್ತ ಇದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದೆ. ಆ ಫೋನಿನೊಳಗಿನಿಂದ ಒಬ್ಬ ಹೆಂಗಸಿನ ನಗು ಕೇಳಿಸುತ್ತದೆ.

ಮಾವ ಒಂದೂವರೆ ವರ್ಷ ಬದುಕಿದ್ದರು. ಬಲಭಾಗ ಬಿದ್ದುಹೋಗಿತ್ತು. ವಿಚಿತ್ರವೆಂದರೆ ತಮಿಳು ಪೂರ್ತಿ ಹೊರಟುಹೋಯಿತು. ಕೇಳಿದರೂ ಅರ್ಥವಾಗದವರ ಹಾಗೆ ನೋಡುತ್ತಿದ್ದರು. ಕನ್ನಡದ ನಾಲ್ಕಾರು ಮಾತು ಉಳಿದವು. ನೀರು, ಬಾ, ಏಳು, ಮರಿ. ಮೊದಲು ನೋಡಲು ಬಂದವರು ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಮಾವ ಏನೂ ಆಡುವುದಿಲ್ಲವೆಂದು ತಿಳಿದ ಮೇಲೆ ಬರುವುದು ನಿಂತಿತು. ಹಣೆಯ ಕಪ್ಪು ಮಾಸಿತು. ಮೀಸೆ ಬೆಳೆಯಿತು.

ನಾನು ದಿನಾ ಹೋಗುತ್ತಿದ್ದೆ. ಗಂಜಿ ಕುಡಿಸುತ್ತಿದ್ದೆ, ಕೈಗೆ ಎಣ್ಣೆ ತಿಕ್ಕುತ್ತಿದ್ದೆ. ಆ ಫೋನಿನ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ಸಂಜೆ, ಮಾವ ಅಂಗಳದಲ್ಲಿ ಮಂಚದ ಮೇಲೆ ಒರಗಿದ್ದಾಗ, ಅತ್ತೆಯೂ ಅಲ್ಲೇ ಅಕ್ಕಿ ಆರಿಸುತ್ತಿದ್ದಾಗ, ಹೇಳಿಬಿಟ್ಟೆ. ನಿನ್ನನ್ನು ಸಿನಿಮಾಕ್ಕೆ ಒಪ್ಪಿಸಿದ್ದು ನನ್ನ ಆಸೆಗೆ ಮಾವ. ಜೊತೇಲಿರ್ತೀನಿ ಅಂದವಳು ನಾನು. ಅವತ್ತು ನೀನು ಫೋನ್ ಮಾಡಿದಾಗ ನಕ್ಕು ಇಟ್ಟವಳೂ ನಾನೇ.

ಅತ್ತೆಯ ಕೈ ಮೊರದ ಮೇಲೆ ನಿಂತಿತು. ಮಾವ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರ ಕುತ್ತಿಗೆ ನಿಧಾನವಾಗಿ ಎಡಕ್ಕೆ ವಾಲಿತು. ಭುಜ ಮೇಲೆದ್ದು ಕಿವಿಗೆ ತಾಗಿತು. ಎಡಗೈಯ ಹೆಬ್ಬೆರಳು ನಾಲಿಗೆಗೆ ಹೋಗಿ ಒದ್ದೆಯಾಗಿ, ಕಾಣದ ಹಾಳೆಗಳನ್ನು ಎಣಿಸಿತು. ಅಂಗೈ ಮಂಚದ ಚೌಕಟ್ಟಿನ ಮೇಲೆ ಟಕ್ ಟಕ್ ಎಂದು ಪಿನ್ ಹೊಡೆಯಿತು. ಕೊನೆಗೆ ಕಣ್ಣು ಬದಲಾಯಿತು. ಗಿರಾಕಿಯನ್ನೂ ನೋಡದ, ಫೋನಿನವರನ್ನೂ ಕೇಳದ, ಸದಾ ಅವಸರದಲ್ಲಿರುವ ಹೆಂಗಸಿನ ಕಣ್ಣು. ಅರ್ಧ ಬಾಯಲ್ಲಿ, "ಏಳು... ಏಳು... ಏಳು..." ಎಂದರು. ಫೋನಿನಲ್ಲಿ ನಾನು ಹೇಳು ಹೇಳು ಎಂದು ಅವಸರ ಮಾಡುವುದು ಹಾಗೆಯೇ.

ಅತ್ತೆ ಫಕ್ಕನೆ ನಕ್ಕರು. ನಕ್ಕವರು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಮಾವನ ಮೊಣಕಾಲಿಗೆ ಒಂದು ಏಟು ಕೊಟ್ಟೆ. ಮೆಲ್ಲಗಲ್ಲ, ಜೋರಾಗಿಯೇ. ಅವರ ಮುಖದ ಎಡ ಅರ್ಧ ನಕ್ಕಿತು.

ಮರುವರ್ಷ ಮಾವ ಹೋದರು. ಹೆಣ ಎತ್ತುವ ಮುಂಚೆ ಪೇಟೆಯ ಕೆಲವರು ದೊಡ್ಡ ಫ್ಲೆಕ್ಸ್ ತಂದು ಬೀದಿಗೆ ಅಡ್ಡ ಕಟ್ಟಿದರು. ಸಿನಿಮಾದ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ಅದೇ ಪ್ರಶ್ನೆ. ಏನು ಬರೆದಿದೆ ಎಂದು ಅತ್ತೆ ಕೇಳಿದರು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ. "ತೆಗ್ಸವ್ವ" ಅಂದರು. ನಾನೇ ಏಣಿ ಇಟ್ಟು ಹತ್ತಿ ಹಗ್ಗ ಕೊಯ್ದೆ.

ಹೋದ ತಿಂಗಳು ಓಮಲೂರಿನಲ್ಲಿ ಬಸ್ಸು ಇಳಿದು ನಾನು ಹೋದದ್ದು ಮಾವನ ಮಗಳ ಮನೆಗೆ. ಅತ್ತೆ ಈಗ ಅಲ್ಲಿರುತ್ತಾರೆ. ಊಟವಾದ ಮೇಲೆ ಮಗಳು ಟಿ.ವಿ.ಯಲ್ಲಿ ಆ ಸಿನಿಮಾ ಹಾಕಿದಳು. ಅವಳ ಪುಟ್ಟ ಮಗಳಿಗೆ ತಾತನ ಮುಖ ನೆನಪಿಲ್ಲವಂತೆ. ಕೊನೆಯವರೆಗೂ ನಾನು ಅದನ್ನು ನೋಡಿದ್ದು ಅದೇ ಮೊದಲ ಸಲ. ಹನ್ನೊಂದು ಜನ ಬಂದು ಹೋದರು. ಮಗು ಬಿದ್ದು ಬಿದ್ದು ನಕ್ಕಿತು. ಕೊನೆಗೆ ಶಂಕಗಿರಿಯ ಬಿಸಿಲು, ಲಾರಿಗಳ ಸಾಲು, ನನ್ನನ್ನು ಒಳಗೆ ಬಿಡಿ ಎನ್ನುವ ಮಾತು. ಇಡೀ ಸಿನಿಮಾದಲ್ಲಿ ಕುರಿಗಾಹಿ ಕುರಿಗಾಹಿಯಾಗಿ ಮಾತಾಡುವುದು ಅಲ್ಲಿ ಮಾತ್ರ. ಆ ದನಿ ಮಾವನದಾಗಿರಲಿಲ್ಲ. ಮಾವ ಸ್ವಂತ ದನಿಯಲ್ಲಿ ಆಡುವ ತಮಿಳಿನಲ್ಲಿ ಕನ್ನಡದ ಎಳೆತ ಇತ್ತು. ಅದು ಸರಿಬರಲಿಲ್ಲವೆಂದು ಚೆನ್ನೈಯಲ್ಲಿ ಬೇರೆ ಯಾರಿಂದಲೋ ಆಡಿಸಿ ಸೇರಿಸಿದ್ದರು.

"ಅಕ್ಕ, ನಮ್ಮಪ್ಪನ ಸೊಂತ ವಾಯ್ಸ್ ನಿನ್ ತಾವ ಎಲ್ಲಾದ್ರೂ ಐತಾ? ಪಾಪುಗೆ ಒಂದ್ಸಲ ಕೇಳಿಸ್ಬೇಕು" ಎಂದಳು ಮಗಳು. ಡೈಲಾಗ್ ಹೇಳಿಕೊಡಲು ಮಾಡಿದ್ದ ರೆಕಾರ್ಡಿಂಗುಗಳು ಹಳೆಯ ಫೋನಿನಲ್ಲಿದ್ದವು. ಅವುಗಳಲ್ಲೂ ಇದ್ದದ್ದು ನನ್ನ ದನಿಯೇ. ಇಲ್ಲ ಕಣೆ ಅಂದೆ. ನನ್ನ ಕಿವಿಯಲ್ಲಿ ಮಾತ್ರ ಇದೆ ಅಂದೆ.

ಕಿವಿಯಲ್ಲಿದೆ ಎಂದು ಅವಳಿಗೆ ಸುಳ್ಳು ಹೇಳಿದೆ. ಅವತ್ತಿನಿಂದ ದಿನಾ ಅಂಗಡಿಯಲ್ಲಿ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ. ನನ್ನನ್ನು ಅವ್ವ ಎಂದು ಕರೆಯುತ್ತಿದ್ದ ದನಿ ಹೇಗಿತ್ತು ಎಂದು. ಮ್ಯಾನೇಜರ್ ಬರುತ್ತಾನೆ, ಡ್ರೈವರ್ ಬರುತ್ತಾನೆ, ಓಟು ಕೇಳುವವನು ಬರುತ್ತಾನೆ. ಹನ್ನೊಂದು ಜನವೂ ಬಂದು ಅವ್ವ ಎಂದು ಕರೆದು ಹೋಗುತ್ತಾರೆ. ಮಾವ ಬರುವುದಿಲ್ಲ.